ತೊಳಸಮ್ಮನ ಸೊಟ್ಟ ರಂಗೋಲಿ

ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ದಾರವನ್ನೂ ತಪ್ಪಾಗಿ ಓದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನನ್ನ ತಮ್ಮ ಹೊನ್ನಪ್ಪನ ಕಥೆ ಕೇಳಿದ ಮೇಲೆ ಕೆಲವರು ನನ್ನ ಕಣ್ಣಿನ ಮೇಲೆ ಅನುಮಾನ ಪಡುತ್ತಾರೆ. ನನ್ನ ಕಣ್ಣು ಚೆನ್ನಾಗಿಯೇ ಇದೆ. ಅಂದೂ ಚೆನ್ನಾಗಿಯೇ ಇತ್ತು.

ನಮ್ಮೂರಿನಲ್ಲಿ ಪ್ರತಿಯೊಬ್ಬರ ಎಡಗೈಗೂ ಒಂದು ಬಿಳಿ ಹತ್ತಿಯ ದಾರ ಕಟ್ಟುತ್ತೇವೆ. ಮೂರು ತಿಂಗಳು ಅದು ಮೈಮೇಲೆ ಇರಬೇಕು. ಸ್ನಾನ, ಊಟ, ನಿದ್ದೆ, ಜಗಳ ಎಲ್ಲದರಲ್ಲೂ ಜೊತೆಗಿದ್ದು, ಅವರ ರಕ್ತ ಎಷ್ಟು ಸಿಹಿಯೋ ಅಷ್ಟು ಬಣ್ಣ ಏರಿಸಿಕೊಳ್ಳುತ್ತದೆ. ಕೆಲವರದು ಬೇಳೆಕಟ್ಟಿನ ಬಣ್ಣ, ಕೆಲವರದು ಕಾಫಿ ಡಿಕಾಕ್ಷನ್ನಿನದು. ಮೂರು ತಿಂಗಳು ತುಂಬಿದ ದಿನ ನಾನು ದಾರ ಕತ್ತರಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಬಣ್ಣದ ಹಲಗೆಯ ಪಕ್ಕ ಇಟ್ಟು ಓದುತ್ತೇನೆ. ಹಲಗೆಯಲ್ಲಿ ಐದರಿಂದ ಹನ್ನೆರಡರವರೆಗೆ ಬಣ್ಣಗಳಿವೆ. ಐದಕ್ಕೂ ಆರಕ್ಕೂ ನಡುವಿನ ಹತ್ತು ಪಾಲುಗಳನ್ನು ಬರೀ ಕಣ್ಣಿನಲ್ಲಿ ಹೇಳುವವಳು ಊರಿಗೆ ನಾನೊಬ್ಬಳೇ. ಅದಕ್ಕೇ ನನ್ನನ್ನು ದಾರದ ಚೆಲುವಮ್ಮ ಎನ್ನುತ್ತಾರೆ, ಸ್ವಲ್ಪ ಭಯದಿಂದಲೂ ಎನ್ನುತ್ತಾರೆ, ನನಗೇನೂ ಬೇಸರವಿಲ್ಲ.

ಇನ್ನು ಇರುವೆಗಳು. ನಮ್ಮೂರಿನಲ್ಲಿ ಯಾರಾದರೂ ಹತ್ತು ನಿಮಿಷ ಒಂದೆಡೆ ಕೂತರೆ ಕಾಲ ಬುಡಕ್ಕೆ ಸಣ್ಣ ಕೆಂಪಿರುವೆಗಳು ಸಾಲುಗಟ್ಟಿ ಬರುತ್ತವೆ. ಕಚ್ಚುವುದಿಲ್ಲ, ಹತ್ತುವುದಿಲ್ಲ, ಸುಮ್ಮನೆ ಪಾದದ ಸುತ್ತ ಓಡಾಡಿಕೊಂಡಿರುತ್ತವೆ. ಗಟ್ಟಿಮುಟ್ಟಾದವರ ಕಾಲಿಗೆ ಎರಡು ಸಾಲು, ಮೂರು ಸಾಲು. ಶುಗರ್ ಇರುವವರು ಹೋಳಿಗೆ ಊಟ ಮಾಡಿ ಕೂತರೆ ಎಂಟು, ಒಂಬತ್ತು. ರಕ್ತದ ಸಿಹಿ ಏರಿದರೆ ಸಾಲು ಏರುತ್ತದೆ, ಇಳಿದರೆ ಇಳಿಯುತ್ತದೆ, ಆ ಗಳಿಗೆಯದು ಆ ಗಳಿಗೆಗೆ. ಆದರೆ ಇನ್ನೊಬ್ಬರ ಕಾಲ ಬುಡ ನೋಡುವುದು ನಮ್ಮಲ್ಲಿ ದೊಡ್ಡ ಅಸಭ್ಯತನ. ಮಕ್ಕಳಿಗೆ ಅಕ್ಷರ ಕಲಿಸುವ ಮೊದಲು ಇದನ್ನು ಕಲಿಸುತ್ತೇವೆ. ನೆಂಟರು ಬಂದರೆ ಮುಖ ನೋಡಿ ಮಾತಾಡಬೇಕು. ಗಂಡಸರು ಪಂಚೆಯನ್ನು ಪಾದ ಮುಚ್ಚುವಂತೆ ಇಳಿಬಿಡುತ್ತಾರೆ, ಹೆಂಗಸರು ಸೀರೆಯ ನೆರಿಗೆ ಹರಡಿಕೊಂಡು ಕೂರುತ್ತಾರೆ. ಎದ್ದ ಮೇಲೆ ಕೂತ ಜಾಗಕ್ಕೆ ಒಂದು ಚಿಟಿಕೆ ಅರಿಶಿನ ಉದುರಿಸಿದರೆ ಮುಗಿಯಿತು. ಗೌರವವಾಗಿ ತಿಳಿದುಕೊಳ್ಳಲು ದಾರ ಇದೆಯಲ್ಲ, ಇರುವೆ ಎಣಿಸುವ ಕರ್ಮ ಯಾರಿಗೆ ಬೇಕು ಎಂದು ನಾನೇ ಎಷ್ಟೋ ಸಲ ಹೇಳಿದ್ದೇನೆ.

ಊರಿನ ನಡುವೆ ಒಂದು ಆಳವಾದ ಕಣಿವೆ ಇದೆ. ಈ ಕಡೆ ಮನೆಗಳು, ಆ ಕಡೆ ಸಂತೆ, ಶಾಲೆ, ಆಸ್ಪತ್ರೆ. ದಾಟಲು ಇರುವುದು ಹಗ್ಗದ ಮೇಲೆ ತೂಗುವ ಒಂದು ತೊಟ್ಟಿಲು. ಅದರಲ್ಲಿ ಆರು ಜನ ಹಿಡಿಸುತ್ತಾರೆ. ಈ ದಡದ ಕಟ್ಟೆಯ ಮೇಲೆ ಕೂತು ದೊಡ್ಡ ರಾಟೆ ತಿರುಗಿಸುತ್ತಾ, ಕಾಲಿನಿಂದ ಬ್ರೇಕಿನ ಹಲಗೆ ಒತ್ತುತ್ತಾ, ತೊಟ್ಟಿಲನ್ನು ಆ ದಡಕ್ಕೆ ಕಳಿಸಿ ಮತ್ತೆ ಎಳೆದುಕೊಳ್ಳಬೇಕು. ಕೈ ಹದ ತಪ್ಪಿದರೆ ಆರು ಜೀವ ಕೆಳಗೆ. ಹಾಗಾಗಿ ಹಳೆಯ ಕಾಲದಿಂದ ಒಂದು ನಿಯಮ: ರಾಟೆಯ ಮೇಲೆ ಕೂರುವವರ ದಾರ ಏಳು ದಾಟಬಾರದು. ದಾಟಿದರೆ ಮುಂದಿನ ಮೂರು ತಿಂಗಳು ಬೇರೆಯವರು ಕೂರಬೇಕು.

ಆ ರಾಟೆಯ ಮೇಲೆ ಹತ್ತೊಂಬತ್ತು ವರ್ಷದಿಂದ ಕೂತಿರುವವನು ನನ್ನ ತಮ್ಮ ಹೊನ್ನಪ್ಪ. ಅವನ ಕೈಯಲ್ಲಿ ತೊಟ್ಟಿಲು ಹೋದರೆ ಮಡಿಲಲ್ಲಿಟ್ಟ ಮಜ್ಜಿಗೆ ಚೊಂಬೂ ತುಳುಕುವುದಿಲ್ಲ. ದಿನಾ ಬೆಳಿಗ್ಗೆ ನಾನು ಆ ಕಡೆಯ ದಾರದ ಮನೆಗೆ ಹೋಗಲು ತೊಟ್ಟಿಲು ಹತ್ತಿದಾಗ, ಇಡೀ ಊರಿಗೆ ಕೇಳುವಂತೆ, "ಗಟ್ಟಿ ಹಿಡ್ಕೊ ಅಕ್ಕಾ!" ಎಂದು ಕೂಗುತ್ತಿದ್ದ. ನನಗೆ ಐವತ್ತೆಂಟು ವರ್ಷ, ದಿನಾ ದಾಟುವವಳು, ಹಿಡಿದುಕೊಳ್ಳಲು ಗೊತ್ತಿಲ್ಲವೇ? ಆದರೂ ಅವನು ಕೂಗದಿದ್ದರೆ ನನಗೆ ದಿನ ಶುರುವಾದ ಹಾಗೆ ಅನಿಸುತ್ತಿರಲಿಲ್ಲ.

ಆರು ವರ್ಷದ ಹಿಂದೆ ಅವನಿಗೆ ಶುಗರ್ ಬಂತು. ಐದು ವರ್ಷ ಹೇಗೋ ಏಳರೊಳಗೆ ಇತ್ತು. ಹೋದ ವರ್ಷ ಒಂದು ಸಲ ಏಳು ಪಾಯಿಂಟ್ ಮೂರು ಬಂತು. ನಾನೇ ಓದಿದೆ, ನಾನೇ ಕೂಗಿ ಹೇಳಿದೆ. ಮೂರು ತಿಂಗಳು ಅವನು ಮನೆಯ ಜಗಲಿಯ ಮೇಲೆ ಕೂತು, ಬೇರೆಯವರು ತಿರುಗಿಸುವ ರಾಟೆಯ ಕಿರುಗುಟ್ಟುವ ಸದ್ದು ಕೇಳುತ್ತಾ, "ಎಣ್ಣೆ ಹಾಕೋದೂ ಗೊತ್ತಿಲ್ಲ ಬಡ್ಡೀಮಕ್ಳಿಗೆ" ಎಂದು ಗೊಣಗುತ್ತಾ ಸೊರಗಿಹೋದ. ನೋಡಲಾಗುತ್ತಿರಲಿಲ್ಲ. ಆಸ್ಪತ್ರೆಯ ಕಾಶೀಪತಿ ಡಾಕ್ಟರು ನಾನು ಬರೆದುಕೊಟ್ಟ ಚೀಟಿ ನೋಡಿ ಬೆಳಗಿನ ಮಾತ್ರೆಯನ್ನು ಎರಡು ಮಾಡಿದರು. ಹೊನ್ನಪ್ಪ ತನ್ನ ಕಡೆಯಿಂದ ಬೆಳಗಿನ ತಿಂಡಿಯನ್ನು ಅರ್ಧ ಮಾಡಿದ. ಮಧ್ಯಾಹ್ನದ ತನಕ ಹೊಟ್ಟೆ ಕಟ್ಟಿ, ಆಮೇಲೆ ತಡೆಯಲಾಗದೆ ಎರಡು ಮುದ್ದೆ, ಅನ್ನ, ಹುರುಳಿ ಸಾರು, ಸಿಕ್ಕರೆ ಒಂದು ಕಜ್ಜಾಯ. ಮುಂದಿನ ದಾರ ಆರು ಪಾಯಿಂಟ್ ಎಂಟು. ನನ್ನ ಸಂತೋಷ ಹೇಳತೀರದು. ಆ ದಾರವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಮನೆಮನೆಗೂ ತೋರಿಸಿದೆ. "ಕಲಿತುಕೊಳ್ರೋ, ನನ್ನ ತಮ್ಮನ್ನ ನೋಡಿ ಕಲಿತುಕೊಳ್ರೋ" ಎಂದು ಕಂಡವರಿಗೆಲ್ಲ ಹೇಳಿದೆ.

ಹೊನ್ನಪ್ಪನ ಹೆಂಡತಿ ತೊಳಸಮ್ಮ. ಮಾತು ಕಡಿಮೆ. ರಾಟೆಯ ಪಕ್ಕದಲ್ಲೇ ಅವಳ ಪಾನಕದ ಅಂಗಡಿ. ಬೆಲ್ಲ, ನಿಂಬೆ, ಶುಂಠಿ, ಮಣ್ಣಿನ ಗಡಿಗೆಯಲ್ಲಿ ತಣ್ಣಗೆ. ಅವಳು ಹೆಸರು ಮಾಡಿದ್ದು ಪಾನಕಕ್ಕಿಂತ ಹೆಚ್ಚಾಗಿ ರಂಗೋಲಿಗೆ. ಎಳೆ ಕಡಿಯದೆ, ಚುಕ್ಕಿ ತಪ್ಪದೆ ಎಳೆಯುವ ಅವಳ ರಂಗೋಲಿ ನೋಡಲು ಬೇರೆ ಬೀದಿಯ ಹೆಂಗಸರು ಬರುತ್ತಿದ್ದರು. ಅಂಥವಳು ಆ ವರ್ಷ ಇದ್ದಕ್ಕಿದ್ದ ಹಾಗೆ ಕೆಟ್ಟ ರಂಗೋಲಿ ಹಾಕತೊಡಗಿದಳು. ಕೆಳಗೆ ಕೆಮ್ಮಣ್ಣಿನ ಒಂದು ನೇರ ಗೆರೆ. ಅದರ ಮೇಲೆ ಹದಿಮೂರು ಬಿಳಿ ಚುಕ್ಕಿ, ಒಂದು ಮೇಲೆ, ಒಂದು ಕೆಳಗೆ, ಲಂಗುಲಗಾಮಿಲ್ಲದೆ. ಅವನ್ನು ಸೇರಿಸುವ ಗೆರೆ ಏರುತ್ತದೆ, ದಡಕ್ಕನೆ ಬೀಳುತ್ತದೆ, ಕೆಮ್ಮಣ್ಣಿಗೆ ತಾಗುತ್ತದೆ, ಮತ್ತೆ ಗೋಡೆ ಹತ್ತಿದ ಹಾಗೆ ಏರುತ್ತದೆ. ಹೂವಿಲ್ಲ, ಬಳ್ಳಿಯಿಲ್ಲ. ದಿನಾ ಬೆಳಿಗ್ಗೆ ಅವರ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿದು ಮುಂದೆ ಹೋಗುವುದು ನನ್ನ ಪದ್ಧತಿ. ಒಂದು ದಿನ ಅದನ್ನು ತುಳಿದುಕೊಂಡೇ ಒಳಗೆ ಹೋಗಿ, "ಏನೇ ತೊಳಸಿ, ರಂಗೋಲಿ ಹಾಕುವಾಗ ಕೈ ನಡುಗ್ತಿತ್ತಾ?" ಎಂದು ಕೇಳಿದೆ.

"ನಿನ್ನೆ ಹಂಗೇ ಇತ್ತು ಅತ್ತಿಗೆ," ಎಂದಳು.

ನಿನ್ನೆಯ ರಂಗೋಲಿಯೂ ಸೊಟ್ಟಗಿತ್ತು ಎಂದು ಹೇಳುತ್ತಿದ್ದಾಳೆ ಎಂದುಕೊಂಡೆ. "ಹಂಗಾದ್ರೆ ಇವತ್ತಾದ್ರೂ ನೆಟ್ಟಗೆ ಹಾಕ್ಬೇಕಿತ್ತು," ಎಂದು ನಕ್ಕೆ. ಅವಳು ನಗಲಿಲ್ಲ. ಇನ್ನೊಂದು ದಿನ ಲೋಟ ಕೊಡುವಾಗ ತಗ್ಗಿದ ದನಿಯಲ್ಲಿ, "ಅತ್ತಿಗೆ, ಹತ್ತೂವರೆ ಹನ್ನೊಂದಾದ್ಮೇಲೆ ಇವ್ರ ಕಾಲತ್ರ ಒಂದಿರುವೇನೂ ಇರಲ್ಲ" ಎಂದಳು. ನನಗೆ ರೇಗಿತು. "ಗಂಡನ ಕಾಲ ಬುಡ ನೋಡ್ಕೊಂಡು ಕೂತಿರ್ತೀಯಾ? ದಾರ ಆರು ಪಾಯಿಂಟ್ ಎಂಟಿದೆ. ಇರುವೆ ಬರದಿದ್ರೆ ಒಳ್ಳೇದೇ ಅಲ್ವೇನೆ? ಪಾಯಸದ ಪಾತ್ರೆಗೆ ಇರುವೆ ಮುತ್ತಲಿಲ್ಲ ಅಂತ ಯಾರಾದ್ರೂ ಅಳ್ತಾರಾ?" ಎಂದೆ. ಅವಳು ಲೋಟ ತೊಳೆಯಲು ಹೋದಳು. ಮರುದಿನವೂ ಸೊಟ್ಟ ರಂಗೋಲಿ, ಅದರ ಮರುದಿನವೂ. ನಾನು ದಿನಾ ತುಳಿದೆ.

ದಾರ ಕತ್ತರಿಸುವ ದಿನಕ್ಕೆ ಇನ್ನು ಹತ್ತು ದಿನವಿತ್ತು. ಆ ದಿನ ದಾರದ ಮನೆಗೆ ತಡವಾಗಿ ಹೊರಟಿದ್ದೆ, ಹನ್ನೊಂದು ಗಂಟೆಯ ಹೊತ್ತಾಗಿತ್ತು. ತೊಳಸಮ್ಮನೂ ಸಂತೆಗೆ ನಿಂಬೆಹಣ್ಣು ತರಲು ತೊಟ್ಟಿಲು ಹತ್ತಿದಳು. ಅಂಗಡಿ ನೋಡಿಕೊಳ್ಳಲು ಪುರಿ ಮಾರುವ ಬೋರಮ್ಮನಿಗೆ ಹೇಳಿದ್ದಳು. ತೊಟ್ಟಿಲಲ್ಲಿ ನಾವಿಬ್ಬರು, ಒಬ್ಬರು ಮೇಷ್ಟ್ರು, ಅವರೇಕಾಯಿ ಮೂಟೆ. ಹೊನ್ನಪ್ಪ ಎಂದಿನಂತೆ ಕೂಗಿದ, ರಾಟೆ ತಿರುಗಿತು. ಕಣಿವೆಯ ನಡುವಿಗೆ ಬರುವಷ್ಟರಲ್ಲಿ ನೋಡುತ್ತೇನೆ, ತೊಳಸಮ್ಮ ತೊಟ್ಟಿಲ ಅಂಚಿಗೆ ಬಾಗಿ ಕಟ್ಟೆಯ ಕಡೆಯೇ ದಿಟ್ಟಿಸುತ್ತಿದ್ದಾಳೆ, ಅದೂ ಗಂಡನ ಕಾಲಿನ ಕಡೆ. ಮೇಷ್ಟ್ರ ಎದುರಿಗೆ ನನಗೆ ನಾಚಿಕೆಯಾಯಿತು.

"ಮೇಲೆ ನೋಡೇ," ಎಂದು ಅವಳ ಭುಜ ಚಿವುಟಿದೆ.

"ಕಲ್ಲು ಬೆಳ್ಳಗೆ ಕಾಣ್ತಿದೆ ಅತ್ತಿಗೆ. ಒಂದೂ ಇಲ್ಲ."

ಅವಳ ಮಾತು ಮುಗಿಯುವ ಮೊದಲೇ ತೊಟ್ಟಿಲು ಒಮ್ಮೆ ಕುಲುಕಿ ನಿಂತಿತು. ಆಮೇಲೆ, ನಮ್ಮ ದಡ ಆ ದಡಕ್ಕಿಂತ ತಗ್ಗಾದ್ದರಿಂದ, ಹಿಂದಕ್ಕೆ ಜಾರತೊಡಗಿತು, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಹೊನ್ನಪ್ಪನ ಕೈ ರಾಟೆಯ ಮೇಲೇ ಇತ್ತು, ಆದರೆ ತಿರುಗಿಸುತ್ತಿರಲಿಲ್ಲ. ಬ್ರೇಕಿನ ಹಲಗೆಯಿಂದ ಕಾಲು ತೆಗೆದುಬಿಟ್ಟಿದ್ದ. ನಮ್ಮ ಕಡೆ ನೋಡಿ, ಯಾರೋ ಪರಿಚಯವಿಲ್ಲದವರನ್ನು ಕಂಡ ಹಾಗೆ ಪೆಚ್ಚುಪೆಚ್ಚಾಗಿ ನಗುತ್ತಿದ್ದ. ಅಂಗಿಯೆಲ್ಲ ಬೆವರು. ನನ್ನ ತಮ್ಮನಿಗೆ ನಾನು ಯಾರು ಎಂದು ಗೊತ್ತಾಗುತ್ತಿಲ್ಲ ಎನ್ನುವುದು ನನಗೆ ಅಷ್ಟು ದೂರದಿಂದಲೇ ಗೊತ್ತಾಯಿತು. ನಾನು ತೊಟ್ಟಿಲ ಅಂಚನ್ನು ಅವಚಿಕೊಂಡೆ. ಕೂಗಿದವಳು ತೊಳಸಮ್ಮ. ಮಾತೇ ಆಡದ ಹೆಂಗಸು ಕಣಿವೆ ಮಾರ್ದನಿಸುವ ಹಾಗೆ ಕೂಗಿದಳು: "ಬೋರಮ್ಮಾ! ಹಲಗೆ ತುಳಿ! ತುಳಿದುಕೊಂಡು ಪಾನಕ ಹುಯ್ಯಿ ಅವ್ರ ಬಾಯಿಗೆ!"

ಬೋರಮ್ಮ ಭಾರಿ ಆಳು, ಭಾರಿ ಧೈರ್ಯದವಳು. ಪುರಿ ಮೂಟೆ ಬಿಸಾಕಿ ಬ್ರೇಕಿನ ಹಲಗೆಯ ಮೇಲೆ ಎರಡೂ ಕಾಲಿಟ್ಟು ನಿಂತಳು. ತೊಟ್ಟಿಲು ಕಟ್ಟೆಯ ಬಂಡೆಗೆ ಬಡಿಯಲು ಮೂರು ಮಾರು ಇರುವಾಗ ನಿಂತಿತು. ಅಲ್ಲಿಂದಲೇ ಬೋರಮ್ಮ ಹೊನ್ನಪ್ಪನ ತಲೆಗೂದಲು ಹಿಡಿದು ಹಿಂದಕ್ಕೆ ಬಾಗಿಸಿ, ಕೈಗೆಟುಕುವ ಗಡಿಗೆಯಿಂದ ಚೊಂಬಿನಲ್ಲಿ ಪಾನಕ ಕುಡಿಸುವುದನ್ನು ನಾವು ನೋಡಿದೆವು. ಹತ್ತು ನಿಮಿಷಕ್ಕೆ ಅವನ ಮುಖಕ್ಕೆ ಕಳೆ ಬಂತು. ನಾನೂ ಆಗ ನಾಚಿಕೆ ಬಿಟ್ಟು ನೋಡಿದೆ. ಬರಿದಾಗಿದ್ದ ಕಲ್ಲಿನ ಮೇಲೆ ಮೊದಲು ಒಂದು ಇರುವೆ, ಆಮೇಲೆ ನಾಲ್ಕು, ಆಮೇಲೆ ಒಂದು ಎಳೆ ಸಾಲು.

ಜನ ಸೇರಿದರು. ಹಗ್ಗ ಜಾರಿತು ಎಂದು ಯಾರೋ ಅಂದರು. ಶುಗರ್ ಇರಬಹುದಾ ಎಂದು ಇನ್ನೊಬ್ಬರು ಕೇಳಿದರು. ಆಗ ನಾನು, ಜೀವ ಕೈಯಲ್ಲಿ ಹಿಡಿದುಕೊಂಡು ಈಗಷ್ಟೇ ಇಳಿದು ಬಂದ ನಾನು, ಏನು ಹೇಳಿದೆ ಗೊತ್ತೇ? "ಶುಗರ್ ಅಂತೆ! ಅವನ ದಾರ ಆರು ಪಾಯಿಂಟ್ ಎಂಟು. ಹಗ್ಗಾನೇ ಜಾರಿರೋದು" ಎಂದೆ. ಇಪ್ಪತ್ತೆರಡು ವರ್ಷದ ಅಭ್ಯಾಸ, ನಾಲಿಗೆ ತಾನಾಗಿ ಹೊರಳಿತು. ತೊಳಸಮ್ಮ ನನ್ನ ಮುಖವನ್ನೊಮ್ಮೆ ನೋಡಿದಳು. ಆ ನೋಟ ನೆನೆಸಿಕೊಂಡರೆ ಈಗಲೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಮರುದಿನ ಬೆಳಿಗ್ಗೆ ಕಾಫಿಗೆ ಹೋದಾಗ ಅವಳು ಬಾಗಿಲಲ್ಲೇ ಕೈ ಅಡ್ಡ ಹಿಡಿದು ನಿಲ್ಲಿಸಿದಳು.

"ತುಳೀಬೇಡಿ ಅತ್ತಿಗೆ. ಇವತ್ತೊಂದಿನ ನೋಡಿ."

ಅವಳು ಕುಕ್ಕರಗಾಲಲ್ಲಿ ಕೂತು ಬೆರಳಿಟ್ಟು ತೋರಿಸಿದಳು. ಮೊದಲನೇ ಚುಕ್ಕಿ ನಿನ್ನೆ ಬೆಳಿಗ್ಗೆ ಆರು ಗಂಟೆ. ಕೊನೆಯದು ಸಂಜೆ ಆರು. ಗಂಟೆಗೊಂದು ಚುಕ್ಕಿ. ಕೆಮ್ಮಣ್ಣಿನ ಗೆರೆಯಿಂದ ಎಷ್ಟು ಬೆರಳು ಮೇಲಿದೆಯೋ ಅಷ್ಟು ಸಾಲು ಇರುವೆ. ಬೆಳಿಗ್ಗೆ ನಾಲ್ಕು ಬೆರಳು, ಐದು ಬೆರಳು, ಆಮೇಲೆ ಮೂರು, ಒಂದು. ಹನ್ನೊಂದರ ಚುಕ್ಕಿ ಕೆಮ್ಮಣ್ಣಿನ ಮೇಲೇ ಕೂತಿತ್ತು, ಅಂದರೆ ಸೊನ್ನೆ, ರಕ್ತದ ಸಿಹಿ ತಳ ಕಂಡ ಗಳಿಗೆ. ಅದೇ ಗಂಟೆ ನಾವು ತೊಟ್ಟಿಲಲ್ಲಿ ತೂಗಾಡಿದ್ದು. ಮಧ್ಯಾಹ್ನ ಎರಡಕ್ಕೆ ಒಂಬತ್ತು ಬೆರಳು ಮೇಲೆ. ದಿನಾ ನಾನು ತುಳಿದು ದಾಟಿದ್ದು ನನ್ನ ತಮ್ಮನ ಹಿಂದಿನ ದಿನವನ್ನು.

"ಬಾಯಲ್ಲಿ ಹೇಳ್ದೆ, ನೀವು ಬೈದ್ರಿ. ಇವ್ರಿಗೆ ಹೇಳಿದ್ರೆ ರಾಟೆ ಹೋಗುತ್ತೆ ಅಂತ ಹೆದರಿ ಬೈದ್ರು. ಅದಕ್ಕೆ ನೀವು ಕಾಲಿಡೋ ಕಡೆನೇ ಬರೆದೆ," ಎಂದಳು ತೊಳಸಮ್ಮ. "ಹನ್ನೊಂದು ಗಂಟೆಗೆ ದಿನಾ ನಾನೇ ಪಾನಕ ಕುಡಿಸ್ತಿದ್ದೆ. ನಿನ್ನೆ ಒಂದಿನ ಕುಡಿಸೋ ಮೊದ್ಲೇ ನಿಂಬೆಹಣ್ಣಿಗೆ ಅಂತ ಹೊರಟುಬಿಟ್ಟೆ."

ನನಗೆ ಅಳು ಬಂತು, ಅವಳ ಎದುರಿಗೇ ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು, ಇದು ಒಂದು ದಿನದ ಮಾತಿರಬಹುದು, ಎಲ್ಲ ದಿನವೂ ಹೀಗೇ ಎಂದು ಹೇಗೆ ನಂಬುವುದು ಎಂದು ಕೇಳಿದೆ. ನಾನು ಅಳುವಾಗಲೂ ದಾರದ ಚೆಲುವಮ್ಮನೇ. ಅವಳು ಒಳಗಿನಿಂದ ಹಳೆಯ ಕ್ಯಾಲೆಂಡರಿನ ಹಾಳೆಗಳ ಕಟ್ಟು ತಂದಳು. ಪ್ರತಿ ಹಾಳೆಯ ಹಿಂದೆ ಅದೇ ಗೆರೆ, ಅದೇ ಹದಿಮೂರು ಚುಕ್ಕಿ. ಹದಿನಾಲ್ಕು ದಿನದ್ದು.

ಆ ಮಧ್ಯಾಹ್ನ ನಾನು ದಾರದ ಮನೆಯ ಬಾಗಿಲು ಹಾಕಿಕೊಂಡು ಲೆಕ್ಕಕ್ಕೆ ಕೂತೆ. ನೂರ ಎಂಬತ್ತೆರಡು ಚುಕ್ಕಿ. ಎಲ್ಲ ಸಾಲನ್ನೂ ಕೂಡಿಸಿದರೆ ಏಳುನೂರ ಮೂವತ್ತು. ಭಾಗಿಸಿದರೆ ಚುಕ್ಕಿಗೆ ಹೆಚ್ಚುಕಡಿಮೆ ನಾಲ್ಕು ಸಾಲು. ರಾತ್ರಿ ಮಲಗಿದಾಗಲೂ ನಾಲ್ಕೇ ಇರುತ್ತದೆ ಎಂದು ತೊಳಸಮ್ಮ ಹೇಳಿದ್ದಳು. ನಾಲ್ಕು ಸಾಲಿಗೆ ದಾರ ಎಷ್ಟಾಗಬೇಕು? ನಮ್ಮೂರಲ್ಲಿ ಕಾಲು ಮುಚ್ಚದೆ ಕೂರುವವಳು ಒಬ್ಬಳೇ, ಬೋರಮ್ಮ. ಅವಳನ್ನೇ ಕರೆಸಿ, ಒಂದು ದಿನ ನಿನ್ನ ಇರುವೆ ಎಣಿಸಲಾ ಎಂದು ಸಂಕೋಚದಿಂದ ಕೇಳಿದೆ. "ಎಣಿಸ್ಕೊಳ್ಳಿ ಚೆಲುವಕ್ಕ, ಅದಕ್ಕೇನು ಕಾಸು ಕೊಡ್ಬೇಕಾ" ಎಂದು ಕಾಲು ಚಾಚಿದಳು. ಮರುದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ನಾಲ್ಕು ಸಾಲು, ಊಟವಾದಾಗ ಐದು, ಮತ್ತೆ ನಾಲ್ಕು. ಬೋರಮ್ಮನಿಗೂ ಶುಗರ್ ಇದೆ, ಅವಳ ದಾರವೂ ಆರು ಪಾಯಿಂಟ್ ಎಂಟೇ. ಪೆಟ್ಟಿಗೆಯಿಂದ ಇಬ್ಬರ ಹಳೆಯ ದಾರ ತೆಗೆದು ಪಕ್ಕಪಕ್ಕ ಇಟ್ಟೆ. ಒಂದೇ ಬಣ್ಣ. ಬೋರಮ್ಮನ ದಿನವನ್ನೂ ಒಂದು ಹಾಳೆಯಲ್ಲಿ ಬರೆದು ಹೊನ್ನಪ್ಪನ ಹಾಳೆಯ ಪಕ್ಕ ಇಟ್ಟೆ. ಅವಳದು ಮನೆಯ ಅಂಗಳದ ಹಾಗೆ ಸಮ, ಅವನದು ನಮ್ಮ ಕಣಿವೆಯ ಹಾಗೆ.

ಹಾಗಾದರೆ ದಾರ ಸುಳ್ಳು ಹೇಳಿರಲಿಲ್ಲ. ನಾನೂ ತಪ್ಪು ಓದಿರಲಿಲ್ಲ. ಒಂಬತ್ತನ್ನೂ ಸೊನ್ನೆಯನ್ನೂ ಕಲಸಿ ದಾರ ನಾಲ್ಕು ಎಂದು ಹೇಳಿತ್ತು, ಅಷ್ಟೇ ಅದಕ್ಕೆ ಹೇಳಲು ಬರುವುದು. ಅದನ್ನು ಕೇಳಿ ಡಾಕ್ಟರು ಮಾತ್ರೆ ಕೊಟ್ಟರು, ಊರು ರಾಟೆ ಕೊಟ್ಟಿತು, ನಾನು ಮನೆಮನೆಗೂ ಹೋಗಿ ಬೀಗಿದೆ. ತೊಟ್ಟಿಲು ಮಾತ್ರ ಸರಾಸರಿಯ ಮೇಲೆ ಓಡುವುದಿಲ್ಲ, ಹನ್ನೊಂದು ಗಂಟೆಗೆ ಹೊನ್ನಪ್ಪನ ಕೈ ಹೇಗಿದೆಯೋ ಹಾಗೆ ಓಡುತ್ತದೆ.

ದಾರದ ದಿನದವರೆಗೆ ತೊಳಸಮ್ಮ ರಾಟೆಯ ಪಕ್ಕ ಬಿಟ್ಟು ಕದಲದೆ ಗಂಡನಿಗೆ ಹೊತ್ತಿಗೆ ಸರಿಯಾಗಿ ಪಾನಕ ಕುಡಿಸಿದಳು. ಆ ದಿನದ ಹಿಂದಿನ ಸಂಜೆ ಹೊನ್ನಪ್ಪ ನನ್ನ ಮನೆಗೆ ಬಂದ. ಹೆಂಡತಿ ನನಗೆ ಎಲ್ಲ ತೋರಿಸಿದ್ದಾಳೆ ಎಂದು ಅವನಿಗೆ ತಿಳಿದಿತ್ತು.

"ಅಕ್ಕ, ನಾಳೆ ದಾರ ಎಷ್ಟು ಬರುತ್ತೋ ಅಷ್ಟು ಮಾತ್ರ ಓದು. ಬೇರೆ ಏನೂ ಬೇಡ," ಎಂದ.

"ಕೈ ಬೆವರೋದು ನಿನಗೆ ಗೊತ್ತಾಗ್ತಿತ್ತೇನೋ?"

"ಗೊತ್ತಾಗ್ತಿತ್ತು. ತೊಳಸಿ ಪಾನಕ ಕೊಡ್ತಿದ್ಲು, ಸರಿಹೋಗ್ತಿತ್ತು. ಹೋದ ಸಲ ಮೂರು ತಿಂಗಳು ಜಗಲಿ ಮೇಲೆ ಕೂತೆನಲ್ಲ ಅಕ್ಕ, ಸತ್ತೇ ಹೋಗಿದ್ದೆ. ಇನ್ನೊಂದ್ಸಲ ನನ್ನ ಕೈಲಾಗಲ್ಲ. ನಿನ್ನ ಕಾಲು ಹಿಡೀತೀನಿ."

ಅವನು ನಿಜವಾಗಿಯೂ ಬಾಗಿದ. ನಾನು ಸಾಕಿದ ತಮ್ಮ, ನನ್ನ ಸೊಂಟದ ಮೇಲೆ ಕೂತು ಬೆಳೆದವನು. ಭುಜ ಹಿಡಿದು ಎತ್ತಿ, ಊಟ ಮಾಡಿ ಹೋಗು ಎಂದಷ್ಟೇ ಹೇಳಿದೆ. ಅವನು ಉಣ್ಣದೆ ಹೋದ.

ರಾಟೆಯವನ ದಾರವನ್ನು ಕಟ್ಟೆಯ ಮೇಲೇ, ಎಲ್ಲರೆದುರಿಗೆ ಓದಬೇಕೆಂಬುದು ಪದ್ಧತಿ. ಮರುದಿನ ಬೆಳಿಗ್ಗೆ ಊರು ಸೇರಿತು. ಊರಿನ ಮುಖ್ಯಸ್ಥರು ಶಂಭುಲಿಂಗಪ್ಪನವರು ಕುರ್ಚಿ ಹಾಕಿಸಿಕೊಂಡು ಕೂತರು. ನಾನು ದಾರ ಕತ್ತರಿಸಿ ಬಿಸಿಲಿಗೆ ಹಿಡಿದೆ, ಹಲಗೆಯ ಪಕ್ಕ ಇಟ್ಟೆ. "ಆರು ಪಾಯಿಂಟ್ ಎಂಟು," ಎಂದು ಕೂಗಿದೆ. ಚಪ್ಪಾಳೆ ಬಿತ್ತು. ಹೊನ್ನಪ್ಪ ಉಸಿರು ಬಿಟ್ಟು ರಾಟೆಯ ಹಿಡಿಕೆಗೆ ಕೈ ಹಾಕಿದ.

"ಕೈ ತೆಗಿ," ಎಂದೆ.

ತೊಳಸಮ್ಮ ರಂಗೋಲಿ ಪುಡಿಯ ಬಟ್ಟಲು ಹಿಡಿದುಕೊಂಡು ಜನರ ನಡುವಿನಿಂದ ಬಂದಳು. ಕಟ್ಟೆಯ ಕಲ್ಲಿನ ಮೇಲೆ ಕೆಮ್ಮಣ್ಣಿನ ಗೆರೆ ಎಳೆದು, ಹದಿನಾಲ್ಕು ದಿನವನ್ನೂ ಒಂದರ ಮೇಲೊಂದು ಬರೆದಳು. ಹದಿನಾಲ್ಕು ಎಳೆಗಳೂ ಹನ್ನೊಂದು ಗಂಟೆಯ ಹತ್ತಿರ ಕೆಮ್ಮಣ್ಣಿನ ಮೇಲೆ ಬಂದು ಬಿದ್ದವು. ಪಕ್ಕದಲ್ಲಿ ಬೋರಮ್ಮನ ಒಂದು ದಿನ. ಎರಡಕ್ಕೂ ದಾರ ಒಂದೇ ಎಂದು ನಾನು ಎರಡು ದಾರಗಳನ್ನೂ ಎತ್ತಿ ತೋರಿಸಿದೆ.

ಶಂಭುಲಿಂಗಪ್ಪನವರ ಮುಖ ಕೆಂಪಾಯಿತು. "ಚೆಲುವಮ್ಮ, ಊರವರ ಮುಂದೆ ಒಬ್ಬ ಗಂಡಸಿನ ಕಾಲ ಬುಡದ ವಿಷಯ ಬರೆದು ತೋರಿಸ್ತೀರಲ್ಲ, ಇದು ಮರ್ಯಾದೆನಾ? ನಿಯಮ ಇರೋದು ದಾರಕ್ಕೆ. ದಾರ ಏಳರೊಳಗಿದೆ."

"ತೊಟ್ಟಿಲಲ್ಲಿ ನೇತಾಡಿದ್ದು ನಾನು ಸ್ವಾಮಿ, ನೀವಲ್ಲ," ಎಂದೆ. "ಇಪ್ಪತ್ತೆರಡು ವರ್ಷ ನಿಮಗೆಲ್ಲ ದಾರ ಓದಿದ್ದೀನಿ. ಇವತ್ತು ಹೇಳ್ತೀನಿ, ದಾರ ಸಾಲದು. ಈ ಗೆರೆ ಕೆಮ್ಮಣ್ಣು ಮುಟ್ಟೋದು ನಿಲ್ಲೋತನಕ ನನ್ನ ತಮ್ಮ ರಾಟೆ ಮುಟ್ಟಬಾರದು. ಮುಟ್ಟಿದ್ರೆ ನಾನು ಇವತ್ತೇ ಕತ್ತರಿ ಕೆಳಗಿಡ್ತೀನಿ."

ಮೇಷ್ಟ್ರು ಎದ್ದು, ತಾವೂ ಆ ತೊಟ್ಟಿಲಲ್ಲಿ ಇದ್ದುದಾಗಿ ಮೆಲ್ಲಗೆ ಹೇಳಿದರು. ಶಂಭುಲಿಂಗಪ್ಪನವರು ಹಾಗೇ ಆಗಲಿ ಎಂಬಂತೆ ಕೈ ಬೀಸಿದರು. ಹೊನ್ನಪ್ಪ ಹಿಡಿಕೆ ಬಿಟ್ಟು, ನನ್ನ ಕಡೆಯಾಗಲಿ ಹೆಂಡತಿಯ ಕಡೆಯಾಗಲಿ ನೋಡದೆ, ತನ್ನ ಹದಿನಾಲ್ಕು ದಿನವನ್ನು ತುಳಿದುಕೊಂಡು ಮನೆಗೆ ನಡೆದ.

ಆ ಮೂರು ತಿಂಗಳು ಅವನು ನನ್ನೊಡನೆ ಮಾತಾಡಲಿಲ್ಲ. ನಾನು ದಿನಾ ಕಾಫಿಗೆ ಹೋಗುವುದನ್ನು ಬಿಡಲಿಲ್ಲ, ಅವನು ದಿನಾ ಗೋಡೆ ಕಡೆ ತಿರುಗಿ ಕೂರುವುದನ್ನು ಬಿಡಲಿಲ್ಲ. ಕಾಶೀಪತಿ ಡಾಕ್ಟರ ಮುಂದೆ ಹಾಳೆಗಳನ್ನು ಹರಡಿದಾಗ ಅವರು ಮೊದಲು ಗೊಣಗಿದರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು ಎರಡನೇ ಸಲ ನೋಡಿದರು. ಬೆಳಗಿನ ಎರಡು ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ತಿಂಡಿ ಪೂರ್ತಿ ತಿನ್ನಬೇಕು, ಮಧ್ಯಾಹ್ನ ಒಂದೇ ಮುದ್ದೆ, ಉಂಡ ಮೇಲೆ ಕಣಿವೆಯ ದಾರಿಯಲ್ಲಿ ಅರ್ಧ ಗಂಟೆ ನಡಿಗೆ. ಹೊನ್ನಪ್ಪ ಮುಖ ಊದಿಸಿಕೊಂಡೇ ಎಲ್ಲ ಮಾಡಿದ. ಅಂಗಳದ ರಂಗೋಲಿ ದಿನದಿಂದ ದಿನಕ್ಕೆ ತಗ್ಗುದಿಣ್ಣೆ ಕಳೆದುಕೊಂಡಿತು. ಮೊದಲು ಕೆಮ್ಮಣ್ಣು ಬಿಟ್ಟು ಒಂದು ಬೆರಳು ಎದ್ದಿತು, ಆಮೇಲೆ ಎರಡು, ಮೂರು. ಮೇಲಿನ ಒಂಬತ್ತು ಆರಕ್ಕೆ ಇಳಿಯಿತು. ನಾನು ಈಗ ಅದನ್ನು ತುಳಿಯದೆ, ಗೋಡೆಗೆ ಅಂಟಿಕೊಂಡು, ಸೀರೆ ಎತ್ತಿ ಹಿಡಿದು ಪಕ್ಕದಿಂದ ದಾಟುತ್ತಿದ್ದೆ. ಇದನ್ನು ಅವನು ಗೋಡೆ ಕಡೆ ತಿರುಗಿಕೊಂಡೇ ಓರೆಗಣ್ಣಲ್ಲಿ ನೋಡುತ್ತಿದ್ದ ಎಂದು ತೊಳಸಮ್ಮ ಆಮೇಲೆ ಹೇಳಿದಳು.

ಮತ್ತೆ ದಾರದ ದಿನ ಬಂತು. ಮತ್ತೆ ಊರು, ಮತ್ತೆ ಕುರ್ಚಿ. ದಾರವನ್ನು ಬಿಸಿಲಿಗೆ ಹಿಡಿದೆ. ಒಂದು ಸಲ ಅಲ್ಲ, ಮೂರು ಸಲ ನೋಡಿದೆ. ಸುಳ್ಳು ಓದುವವಳು ನಾನಲ್ಲ.

"ಏಳು ಪಾಯಿಂಟ್ ಎರಡು," ಎಂದೆ.

ಜನ ಗುಸುಗುಸು ಎಂದರು. ಇಷ್ಟೆಲ್ಲ ಮಾಡಿ ಹೆಚ್ಚೇ ಆಯ್ತಲ್ಲ ಎಂದು ಹಿಂದಿನಿಂದ ಯಾರೋ ನಕ್ಕರು. ಹೊನ್ನಪ್ಪ ತಲೆ ತಗ್ಗಿಸಿ ನಿಂತಿದ್ದ. ಶಂಭುಲಿಂಗಪ್ಪನವರು ಗಂಟಲು ಸರಿಮಾಡಿಕೊಂಡು, ಏಳು ದಾಟಿದೆ, ನಿಯಮ ಎಂದರೆ ನಿಯಮ ಎಂದರು. ನಾನು ತೊಳಸಮ್ಮನ ಕಡೆ ನೋಡಿದೆ. ಅವಳು ಆಗಲೇ ಬಟ್ಟಲು ಹಿಡಿದು ಕೂತು ಬರೆಯತೊಡಗಿದ್ದಳು. ಕೊನೆಯ ಹದಿನಾಲ್ಕು ದಿನ. ಎಳೆಯ ಮೇಲೆ ಎಳೆ ಬಂದು, ಕೊನೆಗೆ ಒಂದೇ ದಪ್ಪನೆಯ ಬಳ್ಳಿಯ ಹಾಗೆ ಕಾಣಿಸಿತು. ಕೆಮ್ಮಣ್ಣಿನ ಗೆರೆ ಉದ್ದಕ್ಕೂ ಬರಿದಾಗಿಯೇ ಉಳಿಯಿತು. ಸರಾಸರಿಯನ್ನು ಕೆಳಗೆ ಎಳೆಯುತ್ತಿದ್ದ ಸೊನ್ನೆಗಳು ಹೋಗಿದ್ದವು, ದಾರ ಏರಿದ್ದು ಅದಕ್ಕೇ. ಅದು ಅವಳ ಹಳೆಯ ರಂಗೋಲಿಗಳಷ್ಟೇ ಚೆನ್ನಾಗಿತ್ತು.

"ಸ್ವಾಮಿ, ಒಂದೇ ಒಂದು ಮಾತು," ಎಂದೆ. "ಆಸ್ಪತ್ರೆಗೆ ನಿಮ್ಮ ಮೊಮ್ಮಗಳನ್ನ ಎತ್ತಿಕೊಂಡು ಹೊರಟಿದ್ದೀರಿ ಅಂದ್ಕೊಳ್ಳಿ. ಗಂಟೆ ಹನ್ನೊಂದು. ಆ ಆರು ಪಾಯಿಂಟ್ ಎಂಟರ ಹೊನ್ನಪ್ಪ ತಿರುಗಿಸೋ ತೊಟ್ಟಿಲು ಹತ್ತುತೀರೋ, ಈ ಏಳು ಪಾಯಿಂಟ್ ಎರಡರ ಹೊನ್ನಪ್ಪ ತಿರುಗಿಸೋದೋ? ನೀವು ಯಾವ್ದು ಹತ್ತುತೀರೋ ಅದೇ ನಿಯಮ. ನಾನು ಬರ್ಕೊತೀನಿ."

ಅವರು ಬಹಳ ಹೊತ್ತು ಆ ಬಳ್ಳಿಯನ್ನೇ ನೋಡಿದರು. ಅವರ ಕೈಯಲ್ಲೂ ದಾರವಿದೆ, ಅದು ಎಷ್ಟೆಂದು ನನಗೆ ಗೊತ್ತು, ಹೇಳುವುದಿಲ್ಲ. ಕೊನೆಗೆ ಕುರ್ಚಿಯಿಂದ ಎದ್ದು, ಪಂಚೆ ಮೇಲಕ್ಕೆ ಹಿಡಿದುಕೊಂಡು, ರಂಗೋಲಿಯನ್ನು ತುಳಿಯದೆ ಸುತ್ತಿ ಹೋಗಿ ತೊಟ್ಟಿಲು ಹತ್ತಿ ಕೂತರು. ಹಿಂದೆಯೇ ಮೇಷ್ಟ್ರು. ಅವರ ಹಿಂದೆ ಪುರಿ ಮೂಟೆಯ ಸಮೇತ ಬೋರಮ್ಮ. ನಾನೂ ಹತ್ತಿದೆ.

ಹೊನ್ನಪ್ಪ ರಾಟೆಯ ಮುಂದೆ ಕೂತ. ಮೊದಲಾಗಿದ್ದರೆ ಪಂಚೆಯನ್ನು ಪಾದ ಮುಚ್ಚುವ ಹಾಗೆ ಇಳಿಬಿಡುತ್ತಿದ್ದ. ಈಗ ಎದ್ದು ನಿಂತು, ಅದನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಬಿಗಿಯಾಗಿ ಕಟ್ಟಿ, ಇಡೀ ಊರಿನ ಮುಂದೆ ಬರಿಗಾಲು ಕಾಣುವಂತೆ ಮತ್ತೆ ಕೂತ. ಯಾರೂ ಮುಖ ತಿರುಗಿಸಲಿಲ್ಲ. ಹತ್ತು ನಿಮಿಷ ನಾವೆಲ್ಲ ಕಾದೆವು. ಶಂಭುಲಿಂಗಪ್ಪನವರೂ ಕತ್ತು ಚಾಚಿ ನೋಡುತ್ತಿದ್ದರು. ಕಲ್ಲಿನ ಸಂದಿಯಿಂದ ಒಂದೊಂದಾಗಿ ಸಾಲು ಹೊರಟು ಅವನ ಪಾದದ ಬಳಿಗೆ ಬಂದವು. ಆಗ ಅವನು ತಲೆ ಎತ್ತಿ, ಮೂರು ತಿಂಗಳ ಮೇಲೆ ಮೊದಲ ಸಲ, ನನ್ನ ಮುಖ ನೋಡಿದ.

"ಎಣಿಸ್ಕೊ ಅಕ್ಕಾ!" ಎಂದು ಕೂಗಿದ. "ಎಣಿಸ್ಕೊಂಡು ಗಟ್ಟಿ ಹಿಡ್ಕೊ!"

ನಾಲ್ಕು ಸಾಲು. ಎರಡು ಸಲ ಎಣಿಸಿದೆ, ಯಾಕೆಂದರೆ ಮೊದಲನೇ ಸಲ ಕಣ್ಣು ಮಂಜಾಗಿತ್ತು. ಆಮೇಲೆ ಗಟ್ಟಿಯಾಗಿ ಹಿಡಿದುಕೊಂಡೆ.